ವಿಂಡೋಸ್ 10 ಬಿಟ್ಟು ಲಿನಕ್ಸ್‌ಗೆ (ಉಚಿತ ಆಪರೇಟಿಂಗ್ ಸಿಸ್ಟಂ) ಹೋಗೋಣ ಅಂತ ಇದ್ದೇನೆ. ಏನೇನು ಕೈ ಕೊಡುತ್ತದೆ?

ಹಳೇಯಂತ್ರ:
ನನ್ನದು ಇಂಟೆಲ್ 7ನೇ ಜನರೇಷನ್ ಐ5, 8 ಜಿಬಿ ರ‍್ಯಾಮ್. ಎಸ್‌ಎಸ್‌ಡಿ ಹಾಕಿಸಿದ ಮೇಲೆ ಚೆನ್ನಾಗಿಯೇ ಓಡುತ್ತಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಈ ಪ್ರೊಸೆಸರ್ ಆಗುವುದಿಲ್ಲ ಅಂತ ಹೇಳುತ್ತದೆ. ಯಂತ್ರ ಕೆಟ್ಟಿಲ್ಲ, ನಿಧಾನವೂ ಆಗಿಲ್ಲ, ಸುಮ್ನೆ ಮೂಲೆಗೆ ಹಾಕಲು ಮನಸ್ಸಿಲ್ಲ.

ನಾನು ಮಾಡುವ ಕೆಲಸ ಇಷ್ಟು: ಬ್ರೌಸರ್, ಕಾಗದ ಪತ್ರ ಬರೆಯುವುದು, ಕನ್ನಡ ಟೈಪಿಂಗ್, ಫೋಟೋ ಒಂಚೂರು ತಿದ್ದುವುದು, ಪ್ರಿಂಟ್, ಸ್ಕ್ಯಾನ್. ಅಪ್ಪನದು ಒಂದು ಎಕ್ಸೆಲ್ ಫೈಲ್ ಇದೆ, ಅದರಲ್ಲಿ ಯಾರೋ ಬರೆದುಕೊಟ್ಟ ಮ್ಯಾಕ್ರೋ (ಕೆಲಸ ತಾನಾಗಿ ಮಾಡುವ ಚಿಕ್ಕ ಪ್ರೋಗ್ರಾಂ) ಇದೆ, ಅದು ನಿಂತರೆ ಮನೆಯಲ್ಲಿ ನನಗೆ ಉಳಿಗಾಲವಿಲ್ಲ. ತಂಗಿ ಆಗಾಗ ಗೇಮ್ ಆಡುತ್ತಾಳೆ. ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ಅಂದರೆ ಏನು ಅಂತ ಗೊತ್ತು, ತೆರೆದು ನೋಡಿಲ್ಲ. ಹೊಸ ಯಂತ್ರಕ್ಕೆ ದುಡ್ಡು ಹಾಕುವ ಯೋಚನೆ ಇಲ್ಲ. ಲಿನಕ್ಸ್ ಚೆನ್ನಾಗಿದೆ ಅಂತ ಹೇಳಲು ನೂರು ಜನ ಇದ್ದಾರೆ. ನನಗೆ ಬೇಕಾಗಿರುವುದು ಏನು ಕೆಡುತ್ತದೆ ಅನ್ನುವುದು.

ಬೂಟುಬೂಟು:
ಮೊದಲು ಒಂದು ಮಾತು, ಗಾಬರಿ ಬೇಡ. ವಿಂಡೋಸ್ 10ಕ್ಕೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಅಂತ ಒಂದಿದೆ, ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ವಿಂಡೋಸ್ ಅಪ್‌ಡೇಟ್ ಪುಟದಲ್ಲಿಯೇ ಸೇರಿಕೊಳ್ಳಬಹುದು. ಹೊಸ ಸೌಲಭ್ಯ ಏನೂ ಬರುವುದಿಲ್ಲ, ಭದ್ರತೆಯ ತೇಪೆಗಳು ಮಾತ್ರ. ಇದನ್ನು ಮಾಡಿಕೊಂಡರೆ ಅವಸರ ಇರುವುದಿಲ್ಲ, ನಿಧಾನಕ್ಕೆ ಯೋಚಿಸಬಹುದು.

ಎಂಟನೇಬಿಟ್:
ಲಿನಕ್ಸ್ ಯಾಕೆ? ರೂಫಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ವಿಂಡೋಸ್ 11 ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವಾಗ ಟಿಪಿಎಂ (ಭದ್ರತಾ ಚಿಪ್) ತಪಾಸಣೆ ತೆಗೆಯುವ ಆಯ್ಕೆ ಇದೆ. ಟಿಕ್ ಹಾಕಿ, ಇನ್‌ಸ್ಟಾಲ್ ಮಾಡಿ, ಕೆಲಸ ಮುಗಿಯಿತು. ನಿಮ್ಮ ಎಲ್ಲ ಸಾಫ್ಟ್‌ವೇರ್ ಹಾಗೇ ಇರುತ್ತದೆ, ಅಪ್ಪನ ಮ್ಯಾಕ್ರೋ ಕೂಡ.

ಬೂಟುಬೂಟು:
ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಖಾತ್ರಿ ಕೊಡುವುದಿಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ತಿಂಗಳ ಅಪ್‌ಡೇಟ್ ಸಾಮಾನ್ಯವಾಗಿ ಬರುತ್ತದೆ, ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಮತ್ತೆ ಇದೇ ಕಸರತ್ತು ಮಾಡಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ಎಸ್‌ಎಸ್‌ಇ 4.2 ಅನ್ನುವ ಸೂಚನೆಗಳ ಗುಂಪು ಇಲ್ಲದ ತುಂಬಾ ಹಳೆಯ ಪ್ರೊಸೆಸರ್‌ಗಳು ಬೂಟ್ ಆಗುವುದೇ ನಿಂತುಹೋಯಿತು. 7ನೇ ಜನರೇಷನ್‌ಗೆ ಅದು ಇದೆ, ಸದ್ಯಕ್ಕೆ ಬಚಾವ್. ಮುಂದೆ ಯಾವಾಗ ಬಾಗಿಲು ಹಾಕುತ್ತಾರೋ ಅಂತ ಕಾಯುತ್ತ ಕೂರುವವರಿಗೆ ಈ ದಾರಿ.

ಸುಮ್ನೆಓದುವವ:
ಚಿಕ್ಕ ತಿದ್ದುಪಡಿ, 7ನೇ ಜನರೇಷನ್ ಪೂರ್ತಿ ಹೊರಗಲ್ಲ. ಎಕ್ಸ್ ಸರಣಿಯ ಕೆಲವು ಮತ್ತು ಐ7 7820ಎಚ್‌ಕ್ಯೂ ವಿಂಡೋಸ್ 11ರ ಪಟ್ಟಿಯಲ್ಲಿವೆ. ಐ5 ಇಲ್ಲ, ಹಾಗಾಗಿ ಇವರಿಗೆ ಉಪಯೋಗವಿಲ್ಲ. ಸುಮ್ನೆ ಹೇಳಿದೆ.

ಕೀಲಿಮಣೆ:
ಕೇಳಿದ ಪ್ರಶ್ನೆಗೆ ಬರೋಣ. ನಾನು ಈ ಬದಲಾವಣೆ ಮಾಡಿಕೊಂಡವಳು, ಇನ್ನೂ ಕೆಲವರಿಗೆ ಮಾಡಿಕೊಟ್ಟವಳು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮೊದಲು ಓಎಸ್ (ಆಪರೇಟಿಂಗ್ ಸಿಸ್ಟಂ) ಬದಲಿಸಬೇಡಿ. ಮೊದಲು ಪ್ರೋಗ್ರಾಂ ಬದಲಿಸಿ, ಅದೂ ಈಗಿರುವ ವಿಂಡೋಸ್‌ನಲ್ಲಿಯೇ.

ಜನ ವಾಪಸ್ ಹೋಗುವುದು ಲಿನಕ್ಸ್ ಕೆಟ್ಟದ್ದು ಅಂತಲ್ಲ. ಒಂದೇ ದಿನ ಓಎಸ್, ಆಫೀಸ್, ಮೇಲ್, ಫೋಟೋ ಸಾಫ್ಟ್‌ವೇರ್, ಕನ್ನಡ ಕೀಬೋರ್ಡ್ ಎಲ್ಲವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಯಾವುದರಿಂದ ತೊಂದರೆ ಅಂತಲೇ ಗೊತ್ತಾಗುವುದಿಲ್ಲ. ಒಂದು ಪತ್ರದ ಅಂಚು ಸರಿಯಿಲ್ಲ ಅಂದರೆ ‘ಲಿನಕ್ಸ್ ಸರಿಯಿಲ್ಲ’ ಅನ್ನುತ್ತಾರೆ. ಅದು ಲಿಬ್ರೆಆಫೀಸ್ ವಿಷಯ, ವಿಂಡೋಸ್‌ನಲ್ಲಿದ್ದರೂ ಹಾಗೇ ಆಗುತ್ತಿತ್ತು.

ಹಾಗಾಗಿ ಇವತ್ತೇ ವಿಂಡೋಸ್‌ನಲ್ಲಿ ಲಿಬ್ರೆಆಫೀಸ್, ಫೈರ್‌ಫಾಕ್ಸ್, ಥಂಡರ್‌ಬರ್ಡ್, ವಿಎಲ್‌ಸಿ, ಫೋಟೋಗೆ ಗಿಂಪ್ ಅಥವಾ ಕ್ರೀಟಾ ಹಾಕಿಕೊಳ್ಳಿ. ಎಲ್ಲ ಉಚಿತ, ಎಲ್ಲವೂ ಎರಡೂ ಕಡೆ ಓಡುತ್ತವೆ. ಹಳೆಯವನ್ನು ತೆಗೆಯಬೇಡಿ, ಆದರೆ ಐಕಾನ್‌ಗಳನ್ನು ಕಣ್ಣಿಗೆ ಕಾಣದ ಕಡೆ ಇಡಿ. ಕೈ ಹೊಸದಕ್ಕೆ ಒಗ್ಗಲಿ. ಯಾವ ಕೆಲಸಕ್ಕೆ ಮತ್ತೆ ಮತ್ತೆ ಹಳೆಯದಕ್ಕೇ ಹೋಗುತ್ತೀರೋ ಅದನ್ನು ಬರೆದಿಟ್ಟುಕೊಳ್ಳಿ. ಆ ಪಟ್ಟಿಯೇ ನಿಮ್ಮ ಪ್ರಶ್ನೆಗೆ ಉತ್ತರ. ನಮ್ಮ ಪಟ್ಟಿ ನೋಡಿ ನಿಮಗೇನೂ ಪ್ರಯೋಜನವಿಲ್ಲ.

ಅಪ್ಪನ ಫೈಲ್ ಬಗ್ಗೆ. ಲಿಬ್ರೆಆಫೀಸ್ ಎಕ್ಸೆಲ್ ಮ್ಯಾಕ್ರೋಗಳನ್ನು ಅರ್ಧಂಬರ್ಧ ಓಡಿಸುತ್ತದೆ. ಸೆಲ್ ಓದುವುದು, ಬರೆಯುವುದು, ವಿಂಗಡಿಸುವುದು ಇಂಥವು ಆಗಬಹುದು. ಫಾರಂ ತೆರೆಯುವುದು, ಔಟ್‌ಲುಕ್‌ನಿಂದ ಮೇಲ್ ಕಳಿಸುವುದು ಇಂಥವು ಬಂದರೆ ಬಹುತೇಕ ಕೈ ಕೊಡುತ್ತದೆ. ನಕಲು ಮಾಡಿಕೊಂಡು ಆ ನಕಲನ್ನು ತೆರೆದು ನೋಡಿ, ಮೂಲ ಮುಟ್ಟಬೇಡಿ.

ಪತ್ರಗಳ ವಿನ್ಯಾಸ ಕೆಡುವುದಕ್ಕೆ ಬಹಳ ಸಲ ಕಾರಣ ಫಾಂಟ್. ಕ್ಯಾಲಿಬ್ರಿ, ಕೇಂಬ್ರಿಯಾ ಲಿನಕ್ಸ್ ಜೊತೆ ಬರುವುದಿಲ್ಲ. ಅವುಗಳ ಬದಲು ಕಾರ್ಲಿಟೋ, ಕ್ಯಾಲೇಡಿಯಾ ಅಂತ ಇವೆ, ಅಕ್ಷರದ ಅಗಲ ಒಂದೇ ಅಳತೆ, ಸಾಲು ಮುರಿಯುವ ಜಾಗ ಬದಲಾಗುವುದಿಲ್ಲ. ಏರಿಯಲ್, ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಷನ್ ಫಾಂಟ್‌ಗಳು. ಹಾಕಿಕೊಂಡರೆ ಅರ್ಧ ಗೊಣಗಾಟ ಅಲ್ಲಿಗೇ ಮುಗಿಯುತ್ತದೆ. ಒಂದೇ ಫೈಲನ್ನು ಎಂಎಸ್ ಆಫೀಸ್ ಇರುವವರ ಜೊತೆ ದಿನವೂ ಹಿಂದೆ ಮುಂದೆ ಕಳಿಸಿ ತಿದ್ದುವ ಕೆಲಸವಿದ್ದರೆ ಮಾತ್ರ ಓನ್ಲಿಆಫೀಸ್ ಕೂಡ ನೋಡಿ. ವರ್ಡ್‌ನ ಡಾಕ್ಸ್ ಫೈಲುಗಳ ಜೊತೆ ಅದು ಜಾಸ್ತಿ ಹೊಂದಿಕೊಳ್ಳುತ್ತದೆ ಅನ್ನುವುದು ನನ್ನ ಅನುಭವ.

ಟರ್ಮಿನಲ್‌ಭಕ್ತ:
ಆರ್ಚ್ ಲಿನಕ್ಸ್ ಹಾಕಿ, ಎಲ್ಲ ಟರ್ಮಿನಲ್‌ನಲ್ಲೇ.

ಕೀಲಿಮಣೆ:
ಟರ್ಮಿನಲ್ ತೆರೆದೇ ಇಲ್ಲ ಅಂದವರಿಗೆ? ನಿಮಗೆ ಒಳ್ಳೆಯದಾಗಲಿ.

ಮಳೆಬಿಲ್ಲು:
ನಾನು ವಿಂಡೋಸ್‌ನಿಂದ ಮ್ಯಾಕ್‌ಗೆ ಹೋದೆ. ಇವರು ದುಡ್ಡು ಹಾಕುವುದಿಲ್ಲ ಅಂದಿದ್ದಾರೆ, ಆದರೂ ಓದುವ ಬೇರೆಯವರಿಗೆ ಆಗಲಿ ಅಂತ ಬರೆಯುತ್ತೇನೆ. ಆಫೀಸ್, ಫೋಟೋಶಾಪ್ ಎರಡೂ ಮ್ಯಾಕ್‌ನಲ್ಲಿ ಇವೆ, ಹಾಗಾಗಿ ಪ್ರೋಗ್ರಾಂ ಕಳೆದುಕೊಳ್ಳುವ ನೋವು ಕಡಿಮೆ. ಕಾಡಿದ್ದು ಬೇರೆ ವಿಷಯಗಳು. ಹಳೆಯ ಹೊರಗಿನ ಹಾರ್ಡ್‌ಡಿಸ್ಕ್ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫಾರ್ಮ್ಯಾಟ್) ಆಗಿತ್ತು. ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಎರಡೂ ಕಡೆ ಬೇಕು ಅಂದರೆ ಎಕ್ಸ್‌ಫ್ಯಾಟ್ ಮಾಡಬೇಕು, ಮಾಡಿದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಒಳಗಿರುವುದನ್ನು ಮೊದಲು ಬೇರೆ ಕಡೆ ಇಡಬೇಕು. ಫ್ಯಾಟ್32 ಮಾಡೋಣ ಅಂದರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ.

ಆಮೇಲೆ ಕೈ ಅಭ್ಯಾಸ. ಕಂಟ್ರೋಲ್ ಸಿ ಬದಲು ಕಮಾಂಡ್ ಸಿ. ಕಿಟಕಿ ಮುಚ್ಚಿದರೆ ಪ್ರೋಗ್ರಾಂ ಮುಚ್ಚುವುದಿಲ್ಲ, ಕೆಳಗೆ ಜೀವಂತ ಇರುತ್ತದೆ. ಅದು ಹೇಗೋ ಒಗ್ಗಿತು. ಆಪಲ್‌ನ ಸ್ವಂತ ಚಿಪ್ ಇರುವ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ, ಅಂದರೆ ಪಕ್ಕದಲ್ಲಿ ವಿಂಡೋಸ್ ಹಾಕಿಕೊಳ್ಳುತ್ತೇನೆ ಅನ್ನುವ ಹಳೆಯ ಉಪಾಯ ನಡೆಯುವುದಿಲ್ಲ. 2020ರ ಕೊನೆಯಿಂದ ಬಂದ ಎಂ1 ಮತ್ತು ಆಮೇಲಿನವೆಲ್ಲ ಹೀಗೇ.

ಎಂಟನೇಬಿಟ್:
ಇದ್ದ ಯಂತ್ರ ಉಳಿಸಿಕೊಳ್ಳುವುದು ಹೇಗೆ ಅಂತ ಕೇಳಿದರೆ ಬೇರೆ ಯಂತ್ರ ಕೊಳ್ಳಿ ಅನ್ನುತ್ತಾರಲ್ಲ!

ಮಳೆಬಿಲ್ಲು:
ಮೊದಲ ಸಾಲಿನಲ್ಲಿಯೇ ಹೇಳಿದ್ದೇನೆ ಸ್ವಾಮಿ, ಓದಿ.

ಒತ್ತಕ್ಷರ:
ಕನ್ನಡ ಟೈಪಿಂಗ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಲಿನಕ್ಸ್‌ನಲ್ಲಿ ಇದು ಸುಲಭ, ಬಹಳ ಜನ ಹೆದರುವಷ್ಟು ಏನಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ವಿನ್ಯಾಸ ಬರುತ್ತದೆ, ಕಗಪ ವಿನ್ಯಾಸವೂ ಅದೇ ಪಟ್ಟಿಯಲ್ಲಿದೆ. ನುಡಿ ಸಾಫ್ಟ್‌ವೇರ್‌ನ ಅಭ್ಯಾಸ ಇರುವವರು ಐಬಸ್ (ಟೈಪಿಂಗ್ ವಿಧಾನ ಬದಲಿಸುವ ಸಾಫ್ಟ್‌ವೇರ್) ಜೊತೆಗೆ ಎಂ17ಎನ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ, ಅದರಲ್ಲಿ ಕೆಜಿಪಿ ಅಂತ ಒಂದು ಆಯ್ಕೆ ಇದೆ, ಒತ್ತಕ್ಷರ ಬರುವ ರೀತಿ ಅಲ್ಲಿ ನುಡಿಗೆ ಹತ್ತಿರ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಬರಿಸುವವರಿಗೆ ಐಟ್ರಾನ್ಸ್ ಕೂಡ ಅಲ್ಲೇ ಸಿಗುತ್ತದೆ. ಫಾಂಟ್‌ಗೆ ನೋಟೋ, ಲೋಹಿತ್, ಗುಬ್ಬಿ, ನವಿಲು ಇವೆ. ತುಂಗಾ, ನಿರ್ಮಲಾ ಮಾತ್ರ ವಿಂಡೋಸ್‌ನವು, ಹುಡುಕಬೇಡಿ.

ನಿಜವಾದ ತೊಂದರೆ ಹಳೆಯ ಫೈಲುಗಳದ್ದು. ಯೂನಿಕೋಡ್‌ಗೆ ಮೊದಲಿನ ನುಡಿ, ಬರಹದಲ್ಲಿ ಬರೆದ ಫೈಲ್ ಒಳಗೆ ಇರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್ ಇರುವವರೆಗೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ, ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಎಂಥೆಂಥದೋ ಚಿಹ್ನೆಗಳ ರಾಶಿ. ಲಿನಕ್ಸ್ ಹಾಕಿದ ದಿನ ಇದು ಕಣ್ಣಿಗೆ ಬೀಳುತ್ತದೆ, ಬೈಗುಳ ಲಿನಕ್ಸ್‌ಗೆ. ವಿಂಡೋಸ್ ಇರುವಾಗಲೇ ಅಂಥ ಫೈಲುಗಳನ್ನು ಹುಡುಕಿ, ಯೂನಿಕೋಡ್‌ಗೆ ಪರಿವರ್ತಿಸಿ, ಒಂದೊಂದು ಪುಟವಾದರೂ ಓದಿ ನೋಡಿ. ಪರಿವರ್ತಕಗಳು ಅರ್ಕಾವೊತ್ತು ಬರುವ ಕಡೆ, ಅಂಕಿಗಳು ಬರುವ ಕಡೆ ಎಡವುತ್ತವೆ. ಹಳೆಯ ಪ್ರತಿಯನ್ನೂ ಇಟ್ಟುಕೊಂಡಿರಿ.

ಹಳೇಯಂತ್ರ:
ಒತ್ತಕ್ಷರ ಅವರೇ, ಧನ್ಯವಾದ. ಹುಡುಕಿದೆ, ಒಂದು ಫೋಲ್ಡರ್ ತುಂಬಾ ಅಂಥವೇ ಸಿಕ್ಕಿವೆ. ಪರಿವರ್ತಿಸುತ್ತಿದ್ದೇನೆ.

ಕೀಲಿಮಣೆ ಅವರ ಮಾತಿನಂತೆ ಲಿಬ್ರೆಆಫೀಸ್ ಹಾಕಿದೆ. ಮ್ಯಾಕ್ರೋ ಓಡಲಿಲ್ಲ. ಒಂದು ಬಟನ್ ಒತ್ತಿದರೆ ಪೆಟ್ಟಿಗೆ ತೆರೆದುಕೊಂಡು ತಿಂಗಳು ಕೇಳಬೇಕು, ಅದು ಬರುವುದೇ ಇಲ್ಲ. ಇದಕ್ಕೆ ಆಮೇಲೆ ಬರುತ್ತೇನೆ. ಯಾವ ಲಿನಕ್ಸ್ ಹಾಕಲಿ?

ಬೂಟುಬೂಟು:
ಮಿಂಟ್, ಸಿನಮನ್ ಆವೃತ್ತಿ. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ನೋಡಿದ ತಕ್ಷಣ ಗೊತ್ತಾಗುತ್ತದೆ. ಮಿಂಟ್ 22 ಸರಣಿ ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಅಪ್‌ಡೇಟ್ ಬರುತ್ತದೆ.

ಟರ್ಮಿನಲ್‌ಭಕ್ತ:
ತಮಾಷೆ ಬಿಟ್ಟು ಹೇಳುವುದಾದರೆ ಫೆಡೋರಾ. ಹೊಸ ಕರ್ನಲ್ (ಓಎಸ್‌ನ ತಿರುಳು), ಹೊಸ ಡ್ರೈವರ್.

ಬೂಟುಬೂಟು:
ಹೊಸದು ಬೇಕಾಗಿರುವುದು ಹೊಸ ಹಾರ್ಡ್‌ವೇರ್‌ಗೆ. 7ನೇ ಜನರೇಷನ್ ಇಂಟೆಲ್‌ಗೆ ಬೇಕಾದದ್ದೆಲ್ಲ ಕರ್ನಲ್‌ನಲ್ಲಿ ಎಷ್ಟೋ ವರ್ಷದಿಂದ ಇದೆ. ಫೆಡೋರಾ ಆರು ತಿಂಗಳಿಗೊಂದು ಬರುತ್ತದೆ, ಒಂದೊಂದಕ್ಕೂ ಬೆಂಬಲ ಹದಿಮೂರು ತಿಂಗಳ ಹತ್ತಿರ. ಇವರ ಅಪ್ಪ ಕೂಡ ಬಳಸುವ ಯಂತ್ರ ಅದು, ಪ್ರತಿ ವರ್ಷ ಬದಲಾಗುವುದು ಬೇಡ.

ಸುಮ್ನೆಓದುವವ:
ಡೆಬಿಯನ್ ಹೆಸರು ಯಾರೂ ಎತ್ತಲಿಲ್ಲ ಅಂತ ಬೇಸರ. 13 ಬಂದಿದೆ, 2025ರ ಆಗಸ್ಟ್‌ನಲ್ಲಿ. ಗಟ್ಟಿ ಅಂದರೆ ಗಟ್ಟಿ. ಆದರೆ ಮೊದಲ ಸಲಕ್ಕೆ ಮಿಂಟ್ ಅನ್ನುವುದಕ್ಕೆ ನನ್ನ ಅಡ್ಡಿ ಇಲ್ಲ. ಒಂದೇ ಮಾತು, ಯಾವ ಡಿಸ್ಟ್ರೋ (ಲಿನಕ್ಸ್‌ನ ಬಗೆ) ಅಂತ ವಾರಗಟ್ಟಲೆ ಯೋಚಿಸಬೇಡಿ. ಕಣ್ಣಿಗೆ ಕಾಣುವ ವ್ಯತ್ಯಾಸದಲ್ಲಿ ಜಾಸ್ತಿ ಪಾಲು ಡೆಸ್ಕ್‌ಟಾಪ್‌ನದು. ಸಿನಮನ್, ಗ್ನೋಮ್, ಕೆಡಿಇ ಮೂರನ್ನೂ ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ. ವೆಂಟಾಯ್ ಅನ್ನುವ ಸಾಫ್ಟ್‌ವೇರ್ ಹಾಕಿದ ಪೆನ್‌ಡ್ರೈವ್‌ಗೆ ಐಎಸ್‌ಒ ಫೈಲುಗಳನ್ನು (ಓಎಸ್‌ನ ಇನ್‌ಸ್ಟಾಲ್ ಪ್ರತಿ) ಹಾಗೇ ಕಾಪಿ ಮಾಡಿದರೆ ಸಾಕು, ಬೂಟ್ ಆಗುವಾಗ ಯಾವುದು ಬೇಕು ಅಂತ ಅದೇ ಕೇಳುತ್ತದೆ. ಹೀಗೆ ಓಡಿಸುವಾಗ ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ವೈಫೈ ಸಿಗುತ್ತದಾ, ಶಬ್ದ ಬರುತ್ತದಾ, ನಿದ್ದೆಗೆ ಹೋಗಿ ಎದ್ದೇಳುತ್ತದಾ, ಪ್ರಿಂಟರ್ ಕಾಣುತ್ತದಾ, ಇಷ್ಟು ನೋಡಿ. ಪೆನ್‌ಡ್ರೈವ್‌ನಿಂದ ನಿಧಾನ ಇರುತ್ತದೆ, ಅದನ್ನು ನೋಡಿ ತೀರ್ಮಾನ ಮಾಡಬೇಡಿ.

ಕೀಲಿಮಣೆ:
ವೈಫೈ ಒಂದು ವಿಷಯ. ಇಂಟೆಲ್ ಕಾರ್ಡ್ ಇದ್ದರೆ ಚಿಂತೆ ಇಲ್ಲ. ಬ್ರಾಡ್‌ಕಾಮ್‌ನ ಕೆಲವು ಚಿಪ್‌ಗಳಿಗೆ ಡ್ರೈವರ್ ಬೇರೆಯಾಗಿ ಇಳಿಸಬೇಕು, ಇಳಿಸಲು ವೈಫೈ ಬೇಕು! ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಇಂಟರ್ನೆಟ್ ಬರುತ್ತದೆ, ಅದರಿಂದ ಇಳಿಸಿಕೊಳ್ಳಬಹುದು. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಿಂದಲೇ ಹಾಕಿ, ಕಂಪನಿ ವೆಬ್‌ಸೈಟಿಂದ ಇಳಿಸಿ ಓಡಿಸಬೇಡಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಇನ್‌ಸ್ಟಾಲ್ ಸಮಯದಲ್ಲಿ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ, ಮರುಬೂಟ್ ಆಗುವಾಗ ನೀಲಿ ಪರದೆ ಬಂದು ಅದೇ ಪಾಸ್‌ವರ್ಡ್ ಕೇಳುತ್ತದೆ. ಅಲ್ಲಿ ಹೆದರಿ ಸುಮ್ನೆ ಮುಂದೆ ಹೋದರೆ ಡ್ರೈವರ್ ಲೋಡ್ ಆಗುವುದಿಲ್ಲ.

ಗೇಮಿಗಿತ್ತಿ:
ತಂಗಿಯ ಪರವಾಗಿ ನಾನು. ಸ್ಟೀಮ್ ಅನ್ನುವ ಗೇಮ್ ಅಂಗಡಿಯಲ್ಲಿರುವ ಒಬ್ಬರೇ ಆಡುವ ಗೇಮ್‌ಗಳು ಬಹುತೇಕ ಓಡುತ್ತವೆ. ವಾಲ್ವ್ ಕಂಪನಿ 2018ರಲ್ಲಿ, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ತಂದ ಮೇಲೆ ಕಥೆಯೇ ಬೇರೆ, ಅವರ ಸ್ಟೀಮ್ ಡೆಕ್ ಗೇಮ್ ಯಂತ್ರ ಓಡುವುದೂ ಲಿನಕ್ಸ್ ಮೇಲೆಯೇ. ಪ್ರೋಟಾನ್‌ಡಿಬಿ ಅನ್ನುವ ತಾಣದಲ್ಲಿ ಗೇಮ್ ಹೆಸರು ಹಾಕಿದರೆ ಬೇರೆಯವರಿಗೆ ಹೇಗೆ ಓಡಿತು ಅಂತ ಸಿಗುತ್ತದೆ. ಕೈ ಕೊಡುವುದು ಆನ್‌ಲೈನ್‌ನಲ್ಲಿ ಗುಂಪಾಗಿ ಆಡುವವು. ಮೋಸ ತಡೆಯುವ ಸಾಫ್ಟ್‌ವೇರ್ ಇರುತ್ತದಲ್ಲ, ಅದು ಬಹಳ ಸಲ ಲಿನಕ್ಸ್ ಬಿಡುವುದಿಲ್ಲ. ವ್ಯಾಲರಂಟ್ ಇಲ್ಲ, ಫೋರ್ಟ್‌ನೈಟ್ ಇಲ್ಲ. ಏಪೆಕ್ಸ್ ಲೆಜೆಂಡ್ಸ್ ಓಡುತ್ತಿತ್ತು, 2024ರ ಕೊನೆಗೆ ಅದನ್ನೂ ನಿಲ್ಲಿಸಿದರು. ತಂಗಿ ಯಾವ ಗೇಮ್ ಆಡುತ್ತಾಳೆ ಅಂತ ಅವಳನ್ನೇ ಕೇಳಿ. ಕೇಳದೆ ಅಳಿಸಿದರೆ ಅಪ್ಪನಿಗಿಂತ ಮೊದಲು ಅವಳು ನಿಮ್ಮನ್ನು ನೋಡಿಕೊಳ್ಳುತ್ತಾಳೆ.

ಹಳೇಯಂತ್ರ:
ಕೇಳಿದೆ. ಅವಳು ಆಡುವವು ಸ್ಟೀಮ್‌ನವೇ, ಒಂಟಿ ಆಟಗಳು. ಅದು ಪಾಸ್.

ಮಿಂಟ್ ಪೆನ್‌ಡ್ರೈವ್‌ನಿಂದ ಓಡಿಸಿದೆ. ವೈಫೈ, ಶಬ್ದ, ಸ್ಕ್ರೀನ್ ಎಲ್ಲ ಸರಿ. ನಿಜ ಹೇಳುತ್ತೇನೆ, ಇಷ್ಟು ಸಲೀಸು ಅಂದುಕೊಂಡಿರಲಿಲ್ಲ. ಆದರೆ ಇನ್‌ಸ್ಟಾಲ್ ಒತ್ತಿದರೆ ಪಟ್ಟಿಯಲ್ಲಿ ಪೆನ್‌ಡ್ರೈವ್ ಮಾತ್ರ ಕಾಣುತ್ತದೆ. ನನ್ನ ಎಸ್‌ಎಸ್‌ಡಿ ಇಲ್ಲವೇ ಇಲ್ಲ. ವಿಂಡೋಸ್‌ಗೆ ವಾಪಸ್ ಬಂದರೆ ಅಲ್ಲಿ ಚೆನ್ನಾಗಿಯೇ ಇದೆ.

ಬೂಟುಬೂಟು:
ಬಯಾಸ್‌ನಲ್ಲಿ (ಯಂತ್ರ ಆನ್ ಆದ ಕೂಡಲೇ ತೆರೆಯಬಹುದಾದ ಸೆಟ್ಟಿಂಗ್) ಸ್ಟೋರೇಜ್ ವಿಧಾನ ರೇಯ್ಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಅಂತ ಇರುತ್ತದೆ, ನೋಡಿ. ಹಾಗಿದ್ದರೆ ಲಿನಕ್ಸ್‌ಗೆ ಡಿಸ್ಕ್ ಕಾಣದೆ ಇರಬಹುದು, ಅದನ್ನು ಎಎಚ್‌ಸಿಐ ಅನ್ನುವ ಸಾಮಾನ್ಯ ವಿಧಾನಕ್ಕೆ ಬದಲಿಸಬೇಕು. ಆದರೆ ಈಗಲೇ ಓಡಿ ಹೋಗಿ ಬದಲಿಸಬೇಡಿ! ಹಾಗೇ ಬದಲಿಸಿದರೆ ವಿಂಡೋಸ್ ಬೂಟ್ ಆಗದೆ ನೀಲಿ ಪರದೆ ತೋರಿಸುತ್ತದೆ. ಕ್ರಮ ಹೀಗೆ.

ಮೊದಲು ಡಿಸ್ಕ್‌ಗೆ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಶನ್’ (ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ) ಹಾಕಿದೆಯಾ ನೋಡಿ. ನೀವು ಹಾಕಿರದಿದ್ದರೂ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ತಾನಾಗಿ ಹಾಕಿರುತ್ತದೆ. ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಕಾಗದದ ಮೇಲೆ ಬರೆದುಕೊಳ್ಳಿ, ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಬಯಾಸ್ ಮುಟ್ಟಿದ ಮೇಲೆ ಅದು ಕೀ ಕೇಳುವ ಸಾಧ್ಯತೆ ಇದೆ, ಕೀ ಇಲ್ಲ ಅಂದರೆ ಫೈಲುಗಳ ಕಥೆ ಮುಗಿಯಿತು. ಆಮೇಲೆ ಅದನ್ನು ಪೂರ್ತಿ ಆಫ್ ಮಾಡಿ, ಡಿಸ್ಕ್ ಬಿಡಿಸಿಕೊಳ್ಳುವವರೆಗೆ ಕಾಯಿರಿ.

ನಂತರ ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ಅಂತ ಹುಡುಕಿ ತೆರೆದು, ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಟಿಕ್ ಹಾಕಿ, ಮರುಬೂಟ್ ಮಾಡಿ, ವಿಂಡೋಸ್ ಬರುವ ಮೊದಲೇ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ, ಸೇವ್ ಮಾಡಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಎದ್ದು ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಸೇಫ್ ಮೋಡ್‌ಗೆ ಪಿನ್ ನಡೆಯದೆ ಇರಬಹುದು, ಪಾಸ್‌ವರ್ಡ್ ನೆನಪಿರಲಿ. ಆಮೇಲೆ ಆ ಟಿಕ್ ತೆಗೆದು ಮತ್ತೆ ಬೂಟ್ ಮಾಡಿ. ಈಗ ಮಿಂಟ್‌ಗೂ ಡಿಸ್ಕ್ ಕಾಣುತ್ತದೆ. ವಿಂಡೋಸ್ ಪೂರ್ತಿ ಅಳಿಸುವುದೇ ಆದರೆ ಈ ಸೇಫ್ ಮೋಡ್ ಕಸರತ್ತು ಬೇಡ, ಬ್ಯಾಕಪ್ ಆದ ಮೇಲೆ ನೇರ ಎಎಚ್‌ಸಿಐ ಮಾಡಿ ಮುಂದುವರಿಯಿರಿ.

ಲೆಕ್ಕದಹುಡುಗ:
ವಿಂಡೋಸ್, ಲಿನಕ್ಸ್ ಎರಡೂ ಇಟ್ಟುಕೊಳ್ಳುವುದಾ, ಒಂದೇನಾ? ನಾನು ಡ್ಯುಯಲ್ ಬೂಟ್ ವಿರೋಧಿ. ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇದ್ದರೆ ಚಿಕ್ಕ ತೊಂದರೆ ಬಂದರೂ ವಿಂಡೋಸ್‌ಗೆ ಬೂಟ್ ಮಾಡುತ್ತೀರಿ, ಹೊಸದನ್ನು ಕಲಿಯುವುದೇ ಇಲ್ಲ.

ಕೀಲಿಮಣೆ:
ಮ್ಯಾಕ್ರೋ ಫೈಲ್ ಇನ್ನೂ ಬಗೆಹರಿದಿಲ್ಲ, ನೆನಪಿರಲಿ. ಹಾಗಾಗಿ ಸದ್ಯ ಎರಡೂ ಇರಲಿ ಅನ್ನುವುದು ನನ್ನ ಮತ. ಆದರೆ ಒಂದೇ ಡಿಸ್ಕ್‌ನಲ್ಲಿ ಬೇಡ. ಜಾಗ ಇದ್ದರೆ ಎರಡನೇ ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಹಳೆಯದರ ಕೇಬಲ್ ತೆಗೆದಿಡಿ. ಆಗ ಬೂಟ್‌ಲೋಡರ್ (ಓಎಸ್ ಶುರುಮಾಡುವ ಚಿಕ್ಕ ಪ್ರೋಗ್ರಾಂ) ತಪ್ಪು ಡಿಸ್ಕ್‌ಗೆ ಹೋಗಿ ಕೂರುವ ಪ್ರಶ್ನೆಯೇ ಇಲ್ಲ. ಎರಡನೇ ಡಿಸ್ಕ್ ಇದ್ದರೂ ಎಲ್ಲದಕ್ಕೂ ಗ್ಯಾರಂಟಿ ಇಲ್ಲ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಭದ್ರತಾ ಅಪ್‌ಡೇಟ್ ಸೆಕ್ಯೂರ್ ಬೂಟ್‌ನ ತಡೆಪಟ್ಟಿ ಬದಲಿಸಿತು, ಬಹಳ ಜನರ ಲಿನಕ್ಸ್ ಬೂಟ್ ಆಗುವುದು ನಿಂತುಹೋಯಿತು. ಡ್ಯುಯಲ್ ಬೂಟ್ ಇರುವವರಿಗೆ ಅದು ಬರಬಾರದಿತ್ತು, ಬಂತು. ಹಾಗಾಗಿ ಒಂದು ಲೈವ್ ಪೆನ್‌ಡ್ರೈವ್ ಸದಾ ಮಾಡಿಟ್ಟುಕೊಂಡಿರಿ.

ಇನ್ನೆರಡು ಕಿರಿಕಿರಿ ಡ್ಯುಯಲ್ ಬೂಟ್‌ನವರಿಗೆ ಬಂದೇ ಬರುತ್ತವೆ. ಒಂದು, ಗಡಿಯಾರ. ವಿಂಡೋಸ್ ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇಡುತ್ತದೆ. ಅಲ್ಲಿಂದ ಇಲ್ಲಿಗೆ ಬಂದಾಗಲೆಲ್ಲ ಸಮಯ ಗಂಟೆಗಟ್ಟಲೆ ಆಚೀಚೆ. ಯಾವುದಾದರೂ ಒಂದಕ್ಕೆ ಇನ್ನೊಂದರ ರೀತಿ ಹೇಳಿಕೊಡಬೇಕು, ಲಿನಕ್ಸ್‌ನಲ್ಲಿ ಒಂದೇ ಸಾಲಿನ ಆಜ್ಞೆಯಿಂದ ಆಗುತ್ತದೆ. ಎರಡು, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ಶಟ್‌ಡೌನ್ ಅಂದರೆ ನಿಜವಾದ ಶಟ್‌ಡೌನ್ ಅಲ್ಲ, ಅರ್ಧ ನಿದ್ದೆ. ಆ ಸ್ಥಿತಿಯಲ್ಲಿರುವ ಡ್ರೈವನ್ನು ಲಿನಕ್ಸ್ ಓದಲು ಮಾತ್ರ ತೆರೆಯುತ್ತದೆ, ಅಥವಾ ತೆರೆಯುವುದೇ ಇಲ್ಲ. ಪವರ್ ಸೆಟ್ಟಿಂಗ್‌ಗೆ ಹೋಗಿ ಆಫ್ ಮಾಡಿ.

ಮಳೆಬಿಲ್ಲು:
ಬ್ಯಾಕಪ್ ಅಂದರೆ ಎಲ್ಲರೂ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಕಾಪಿ ಮಾಡುತ್ತಾರೆ. ಮರೆಯುವವು ಇವು: ಡೆಸ್ಕ್‌ಟಾಪ್ ಮೇಲೆ ಬಿದ್ದಿರುವ ಫೈಲುಗಳು, ಬ್ರೌಸರ್‌ನ ಪಾಸ್‌ವರ್ಡ್ ಮತ್ತು ಬುಕ್‌ಮಾರ್ಕ್, ಆ್ಯಪ್‌ಡೇಟಾ ಅನ್ನುವ ಅಡಗಿದ ಫೋಲ್ಡರ್, ಗೇಮ್‌ನ ಸೇವ್ ಫೈಲ್, ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್‌ನ ಲೈಸೆನ್ಸ್ ಕೀ. ಔಟ್‌ಲುಕ್‌ನಲ್ಲಿ ಮೇಲ್ ಇಳಿಸಿಕೊಂಡಿದ್ದರೆ ಪಿಎಸ್‌ಟಿ ಫೈಲ್ ಇರುತ್ತದೆ, ಲಿನಕ್ಸ್‌ಗೆ ಹೋದ ಮೇಲೆ ಥಂಡರ್‌ಬರ್ಡ್‌ಗೆ ತರುವುದು ತಲೆನೋವು, ವಿಂಡೋಸ್ ಇರುವಾಗಲೇ ಥಂಡರ್‌ಬರ್ಡ್‌ಗೆ ಆಮದು ಮಾಡಿ ಆ ಪ್ರೊಫೈಲ್ ಫೋಲ್ಡರನ್ನೇ ಎತ್ತಿಕೊಂಡು ಹೋಗಿ. ಎಲ್ಲ ಕಾಪಿ ಆದ ಮೇಲೆ ಆ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿ ನಾಲ್ಕಾರು ಫೈಲ್ ತೆರೆದು ನೋಡಿ.

ಎಂಟನೇಬಿಟ್:
ಇಷ್ಟೆಲ್ಲ ಮಾಡುವ ಬದಲು ನಾನು ಹೇಳಿದ ಒಂದು ಟಿಕ್ ಸಾಕಿತ್ತು.

ಲೆಕ್ಕದಹುಡುಗ:
ಅದೂ ಒಂದು ದಾರಿ, ಯಾರೂ ತಪ್ಪು ಅನ್ನಲಿಲ್ಲ. ಆದರೆ ಬ್ಯಾಕಪ್ ಅದಕ್ಕೂ ಬೇಕಲ್ವಾ?

ಹಳೇಯಂತ್ರ ಅವರೇ, ಮ್ಯಾಕ್ರೋ ಒಳಗೆ ಏನಿದೆ ಅಂತ ಹಾಕಿ. ಎಕ್ಸೆಲ್‌ನಲ್ಲಿ ಆಲ್ಟ್ ಎಫ್11 ಒತ್ತಿದರೆ ಕಾಣುತ್ತದೆ. ಹೆಸರು, ಮೊತ್ತ ಇದ್ದರೆ ತೆಗೆದು ಹಾಕಿ.

ಹಳೇಯಂತ್ರ:
ನೋಡಿದೆ. ನನಗೆ ಅರ್ಥವಾದಷ್ಟು: ತಿಂಗಳು ಕೇಳುತ್ತದೆ, ಆ ತಿಂಗಳ ಸಾಲುಗಳನ್ನು ಇನ್ನೊಂದು ಹಾಳೆಗೆ ಹಾಕುತ್ತದೆ, ಬಾಬ್ತು ಪ್ರಕಾರ ಮೊತ್ತ ಹಾಕುತ್ತದೆ, ಪ್ರಿಂಟ್ ಕೊಡುತ್ತದೆ. ಅಷ್ಟೇ.

ಲೆಕ್ಕದಹುಡುಗ:
ಹಾಗಾದರೆ ಮ್ಯಾಕ್ರೋನೇ ಬೇಡ! ಒಂದು ಸೆಲ್‌ನಲ್ಲಿ ತಿಂಗಳು ಆರಿಸುವ ಪಟ್ಟಿ ಇಡಿ, ಡೇಟಾ ವ್ಯಾಲಿಡಿಟಿ ಅಂತ ಇರುತ್ತದೆ ಮೆನುವಿನಲ್ಲಿ. ಮೊತ್ತಕ್ಕೆ ಸಮ್‌ಇಫ್ಸ್ ಸೂತ್ರ, ಬಾಬ್ತು ಒಂದು ಷರತ್ತು, ತಿಂಗಳು ಇನ್ನೊಂದು. ಸಾಲುಗಳೂ ಬೇಕು ಅಂದರೆ ಪಿವಟ್ ಟೇಬಲ್. ಇದು ಎಕ್ಸೆಲ್‌ನಲ್ಲೂ ಓಡುತ್ತದೆ, ಲಿಬ್ರೆಆಫೀಸ್‌ನಲ್ಲೂ ಓಡುತ್ತದೆ. ಮುಂದೆ ಮ್ಯಾಕ್‌ಗೆ ಹೋದರೂ ಓಡುತ್ತದೆ. ಒಂದು ಎಚ್ಚರಿಕೆ, ದಿನಾಂಕದ ಕಾಲಂನಲ್ಲಿ ಕೆಲವು ನಿಜವಾದ ದಿನಾಂಕ, ಕೆಲವು ಬರೀ ಅಕ್ಷರ ಅಂತ ಬೆರೆತಿರುತ್ತವೆ ಇಂಥ ಹಳೆಯ ಫೈಲುಗಳಲ್ಲಿ. ಸೂತ್ರ ಅಕ್ಷರದ ದಿನಾಂಕ ಬಿಟ್ಟುಬಿಡುತ್ತದೆ, ಮೊತ್ತ ಕಡಿಮೆ ಬರುತ್ತದೆ, ಯಾವ ದೂರೂ ಹೇಳುವುದಿಲ್ಲ. ಹಳೆಯ ಪ್ರಿಂಟ್ ಜೊತೆ ಹೋಲಿಸಿ ನೋಡಿ.

ಟರ್ಮಿನಲ್‌ಭಕ್ತ:
ವರ್ಚುವಲ್‌ಬಾಕ್ಸ್‌ನಲ್ಲಿ, ಅಂದರೆ ಲಿನಕ್ಸ್ ಒಳಗೇ ಇನ್ನೊಂದು ಕಂಪ್ಯೂಟರ್ ತರಹ, ವಿಂಡೋಸ್ ಇಟ್ಟರೆ ಮ್ಯಾಕ್ರೋ ಹಾಗೇ ಓಡುತ್ತಿತ್ತು.

ಲೆಕ್ಕದಹುಡುಗ:
8 ಜಿಬಿಯಲ್ಲಿ? ಒಳಗಿನ ವಿಂಡೋಸ್‌ಗೆ 4 ಕೊಟ್ಟರೆ ಹೊರಗೆ ಬ್ರೌಸರ್ ತೆರೆಯಲು ಪರದಾಟ. ತಿಂಗಳಿಗೆ ಒಂದು ಪ್ರಿಂಟ್‌ಗೆ ಪೂರ್ತಿ ಒಂದು ವಿಂಡೋಸ್ ಸಾಕುವುದು ಜಾಸ್ತಿ ಆಯಿತು.

ಸುಮ್ನೆಓದುವವ:
ಹಾಕಿದ ಮೇಲೆ ಒಂದು ಅಭ್ಯಾಸ ಬಿಡಬೇಕು. ಸಾಫ್ಟ್‌ವೇರ್ ಬೇಕು ಅಂದ ತಕ್ಷಣ ಗೂಗಲ್ ಮಾಡಿ ಡೌನ್‌ಲೋಡ್ ಬಟನ್ ಹುಡುಕುವುದು. ಮೊದಲು ಸಾಫ್ಟ್‌ವೇರ್ ಮ್ಯಾನೇಜರ್ ತೆರೆಯಿರಿ, ಅಲ್ಲಿ ಇದ್ದರೆ ಅಲ್ಲಿಂದಲೇ. ಅಪ್‌ಡೇಟ್ ಕೂಡ ಓಎಸ್ ಜೊತೆ ಒಟ್ಟಿಗೆ ಬರುತ್ತದೆ. ಲಿನಕ್ಸ್‌ಗೆ ವೈರಸ್ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಕಡಿಮೆ ಅಷ್ಟೇ. ಯಾವುದೋ ಪುಟದಲ್ಲಿ ಸಿಕ್ಕಿದ ಆಜ್ಞೆಯನ್ನು ಅರ್ಥ ಗೊತ್ತಿಲ್ಲದೆ ಟರ್ಮಿನಲ್‌ಗೆ ಅಂಟಿಸಿ ಪಾಸ್‌ವರ್ಡ್ ಕೊಟ್ಟರೆ ಯಾವ ಓಎಸ್ ಕೂಡ ಕಾಪಾಡುವುದಿಲ್ಲ. ಹೆಸರುಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಅನ್ನುವುದೂ ತಿಳಿದಿರಲಿ. ಒಂದೇ ಹೆಸರನ್ನು ಎರಡು ರೀತಿ ಬರೆದರೆ ಲಿನಕ್ಸ್‌ನಲ್ಲಿ ಅವು ಎರಡು ಫೈಲ್. ವಿಂಡೋಸ್ ಎರಡನ್ನೂ ಒಂದೇ ಹೆಸರು ಅಂದುಕೊಳ್ಳುತ್ತದೆ, ಅಲ್ಲಿಗೆ ವಾಪಸ್ ಒಯ್ದರೆ ಗೊಂದಲ.

ಹಳೇಯಂತ್ರ:
ಹಾಕಿ ಆಯಿತು. ಎರಡನೇ ಡಿಸ್ಕ್‌ನಲ್ಲಿ ಮಿಂಟ್, ಹಳೆಯದರಲ್ಲಿ ವಿಂಡೋಸ್ ಇನ್ನೂ ಇದೆ, ಆ ಹೆಚ್ಚುವರಿ ಅಪ್‌ಡೇಟ್ ಯೋಜನೆಗೂ ಸೇರಿಸಿದ್ದೇನೆ. ಗಡಿಯಾರ ನೀವು ಹೇಳಿದಂತೆಯೇ ಆಚೀಚೆ ಆಯಿತು, ಸರಿಮಾಡಿದೆ. ಕಗಪದಲ್ಲಿ ಈ ಉತ್ತರ ಟೈಪ್ ಮಾಡುತ್ತಿದ್ದೇನೆ. ಅಪ್ಪನ ಲೆಕ್ಕಕ್ಕೆ ಸಮ್‌ಇಫ್ಸ್ ಹಾಕಿದೆ. ಲೆಕ್ಕದಹುಡುಗ ಹೇಳಿದ ಹಾಗೇ ಒಂದು ತಿಂಗಳ ಮೊತ್ತ ಕಡಿಮೆ ಬಂತು, ಐದಾರು ಸಾಲಿನ ದಿನಾಂಕ ಬರೀ ಅಕ್ಷರ. ತಿದ್ದಿದ ಮೇಲೆ ಹಳೆಯ ಪ್ರಿಂಟ್ ಜೊತೆ ಸರಿಹೋಯಿತು. ಅಪ್ಪ ನೋಡಿ ‘ಬಟನ್ ಎಲ್ಲಿ’ ಅಂತ ಕೇಳಿದರು, ಬಟನ್ ಇಲ್ಲ ಅಂದೆ, ಒಪ್ಪಿಕೊಂಡಂತೆ ಕಾಣಲಿಲ್ಲ.

ಉಳಿದಿರುವುದು ಒಂದೇ. ಪ್ರಿಂಟರ್ ತಾನಾಗಿ ಸಿಕ್ಕಿತು, ಸ್ಕ್ಯಾನ್ ಆಗುತ್ತದೆ, ಪ್ರಿಂಟ್ ಬರುತ್ತದೆ. ಎರಡೂ ಬದಿ ಪ್ರಿಂಟ್ ಮಾಡುವ ಆಯ್ಕೆ ಮಾತ್ರ ಬೂದು ಬಣ್ಣದಲ್ಲಿದೆ, ಒತ್ತಲು ಬಿಡುವುದಿಲ್ಲ. ವಿಂಡೋಸ್‌ನಲ್ಲಿ ಬರುತ್ತಿತ್ತು.

ಕೀಲಿಮಣೆ:
ಪ್ರಿಂಟರ್ಸ್ ತೆರೆದು, ನಿಮ್ಮ ಪ್ರಿಂಟರ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ. ಅಲ್ಲಿ ‘ಇನ್‌ಸ್ಟಾಲಬಲ್ ಆಪ್ಷನ್ಸ್’ ಅಂತ ಒಂದು ಭಾಗ ಇರುತ್ತದೆ. ಡ್ಯುಪ್ಲೆಕ್ಸ್ ಯೂನಿಟ್ ಇಲ್ಲ ಅಂತ ಅದು ಅಂದುಕೊಂಡಿರುತ್ತದೆ, ಇದೆ ಅಂತ ಟಿಕ್ ಹಾಕಿ. ಆ ಭಾಗವೇ ಕಾಣದಿದ್ದರೆ ಪ್ರಿಂಟರ್ ತೆಗೆದು ಮತ್ತೆ ಸೇರಿಸಿ, ಈ ಸಲ ‘ಡ್ರೈವರ್‌ಲೆಸ್’ ಅಂತ ಬರೆದಿರುವುದನ್ನು ಬಿಟ್ಟು ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಹೆಸರಿನ ಡ್ರೈವರ್ ಆರಿಸಿ. ಅಪ್ಪನಿಗೆ ಬಟನ್ ಬೇಕೇ ಬೇಕು ಅಂದರೆ ಅದನ್ನೂ ಮಾಡಬಹುದು, ಲಿಬ್ರೆಆಫೀಸ್‌ನಲ್ಲಿಯೇ ಪ್ರಿಂಟ್ ಕೊಡುವ ಎರಡು ಸಾಲಿನ ಮ್ಯಾಕ್ರೋ ಬರೆದು ಬಟನ್‌ಗೆ ಕಟ್ಟಿದರೆ ಆಯಿತು. ಬೇಕಾದರೆ ಹೇಳಿ, ಬರೆದು ಹಾಕುತ್ತೇನೆ.

ಹಳೇಯಂತ್ರ:
ಟಿಕ್ ಹಾಕಿದೆ, ಎರಡೂ ಬದಿ ಬಂತು. ಬಟನ್ ಬೇಕು, ದಯವಿಟ್ಟು ಬರೆದು ಹಾಕಿ.